ಯಾವುದು ನೋಡತಕ್ಕ ಯುದ್ಧಚಿತ್ರ?



ಯುದ್ಧದ ಚಲನಚಿತ್ರಗಳಲ್ಲಿ ನೋಡತಕ್ಕವು ಯಾವುವು ಎಂದು ಕೇಳಿದರೆ ಇಂದು ದೊರೆಯುವ ಉತ್ತರಗಳು ಬಹುಮಟ್ಟಿಗೆ ಒಂದೇ ಬಗೆಯವು. ಎಷ್ಟು ಟ್ಯಾಂಕುಗಳು ಸಿಡಿದವು, ಶತ್ರು ಎಷ್ಟು ಹೀನಾಯವಾಗಿ ಸೋತ, ಚಿತ್ರಮಂದಿರದಲ್ಲಿ ಎಷ್ಟು ಜೋರಾಗಿ ಘೋಷಣೆ ಮೊಳಗಿತು ಎಂಬುವೇ ಅಳತೆಗೋಲುಗಳು. ಈ ಅಳತೆಗೋಲನ್ನು ನಾನು ಒಪ್ಪಲಾರೆ. ನೋಡಿ ಹೊರಬಂದ ಹುಡುಗನಿಗೆ ಯುದ್ಧವೆಂದರೆ ಹಬ್ಬವೆನ್ನಿಸಿದರೆ, ಆ ಚಿತ್ರ ಎಷ್ಟೇ ವೈಭವದ್ದಾಗಿರಲಿ, ಅದು ಅವನಿಗೆ ಸುಳ್ಳು ಹೇಳಿದೆ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಹತ್ತಿರ ಕರೆದೊಯ್ದು ಕಲ್ಲುಮುಳ್ಳುಗಳನ್ನು ತೋರಿಸುವುದೇ ಒಳ್ಳೆಯ ಯುದ್ಧಚಿತ್ರದ ಕೆಲಸ.

ಮೊದಲ ಉದಾಹರಣೆಯಾಗಿ 1930ರಲ್ಲಿ ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶಿಸಿದ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಚಿತ್ರವನ್ನು ಹೇಳುತ್ತೇನೆ. ಅದಕ್ಕೆ ಕಾರಣವಿದೆ. ಆ ಚಿತ್ರದಲ್ಲಿ ಮೊದಲು ಆರೋಪಿಯ ಸ್ಥಾನದಲ್ಲಿ ನಿಲ್ಲುವವನು ಸೇನಾಪತಿಯಲ್ಲ, ಶಾಲೆಯ ಮೇಷ್ಟ್ರು. ಕಿಟಕಿಯಾಚೆ ಸೈನ್ಯ ಮೆರವಣಿಗೆ ಹೊರಟಿರುವಾಗ ಆತ ತರಗತಿಯಲ್ಲಿ ತಾಯ್ನಾಡಿನ ಕೀರ್ತಿಯನ್ನು ಕುರಿತು ಆವೇಶದಿಂದ ಮಾತನಾಡುತ್ತಾನೆ. ಹುಡುಗರು ಪುಸ್ತಕಗಳನ್ನು ಎಸೆದು ಸೈನ್ಯ ಸೇರಲು ಓಡುತ್ತಾರೆ. ಮುಂದೆ ಅವರಲ್ಲೊಬ್ಬನಾದ ಪಾಲ್ ರಜೆಯ ಮೇಲೆ ಅದೇ ತರಗತಿಗೆ ಬಂದಾಗ, ಆ ಮೇಷ್ಟ್ರು ಹೊಸ ಹುಡುಗರ ಮುಂದೆ ಅದೇ ಭಾಷಣ ಮಾಡುತ್ತಿರುತ್ತಾನೆ. ಪಾಲ್ ತಾನು ಕಂಡದ್ದನ್ನು ಕಂಡಂತೆ ಹೇಳುತ್ತಾನೆ. ಮಕ್ಕಳು ಅವನನ್ನೇ ಹೇಡಿ ಎನ್ನುತ್ತಾರೆ. 2022ರ ಜರ್ಮನ್ ಆವೃತ್ತಿ ಆಸ್ಕರ್ ಪಡೆದದ್ದು ನಿಜ. ಆದರೆ ಅದರಲ್ಲಿ ರಜೆಯ ಈ ಪ್ರಸಂಗವೇ ಇಲ್ಲ. ಆದ್ದರಿಂದ ಹಳೆಯದನ್ನೇ ನೋಡಿರೆಂದು ನನ್ನ ಸಲಹೆ. ತರಗತಿಯಲ್ಲಿ ನಿಂತು ಆಡಿದ ಮಾತಿಗೆ ಯಾರು ಬೆಲೆ ತೆರುತ್ತಾರೆ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಚಿತ್ರವನ್ನು ನಾನು ಬೇರೆ ಕಂಡಿಲ್ಲ.

ಅದೇ ಚಿತ್ರದಲ್ಲಿ ಪಾಲ್ ಗುಂಡಿಯೊಂದರಲ್ಲಿ ಅಡಗಿರುವಾಗ ಒಳಗೆ ಬಿದ್ದ ಫ್ರೆಂಚ್ ಸೈನಿಕನನ್ನು ಇರಿಯುತ್ತಾನೆ. ರಾತ್ರಿಯೆಲ್ಲ ಆತ ಸಾಯುವುದನ್ನು ಪಕ್ಕದಲ್ಲೇ ಕುಳಿತು ನೋಡುತ್ತಾನೆ, ಕ್ಷಮೆ ಬೇಡುತ್ತಾನೆ. ಸತ್ತವನ ಜೇಬಿನಲ್ಲಿ ಹೆಂಡತಿ ಮಗುವಿನ ಭಾವಚಿತ್ರ ಸಿಗುತ್ತದೆ. ಶತ್ರುವಿಗೆ ಹೆಸರೂ ಮುಖವೂ ಬರುವ ಗಳಿಗೆ ಅದು. ಇದು ನಮಗೆ ಹೊಸದೇನೂ ಅಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುವುದನ್ನು ನೀವೆಲ್ಲ ಓದಿದ್ದೀರಿ. ಅವನು ದುಶ್ಶಾಸನನಿಗಾಗಿ, ಕರ್ಣನಿಗಾಗಿ ಅಳುವುದು ಸಹಜ. ಆದರೆ ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಮುಂದೆಯೂ ನಿಂತು ಕೈಮುಗಿಯುತ್ತಾನೆ. ಸಾವಿರ ವರ್ಷಗಳ ಹಿಂದೆ ನಮ್ಮ ಕವಿಗೆ ತಿಳಿದಿದ್ದ ಈ ಸಂಸ್ಕಾರ ಇಂದಿನ ಅಬ್ಬರದ ಚಿತ್ರಗಳಿಗೆ ತಿಳಿಯದೆ ಹೋದದ್ದು ಹೇಗೆ?

ಎರಡನೆಯದು, ಜಾನ್ ರೆನ್ವಾ ಅವರ ‘ಗ್ರ್ಯಾಂಡ್ ಇಲ್ಯೂಷನ್’ (1937). ಸೆರೆಯಿಂದ ತಪ್ಪಿಸಿಕೊಂಡ ಇಬ್ಬರು ಫ್ರೆಂಚರಿಗೆ ಜರ್ಮನ್ ರೈತ ವಿಧವೆಯೊಬ್ಬಳು ಆಶ್ರಯ ಕೊಡುತ್ತಾಳೆ. ಗಂಡ ಮತ್ತು ಸಹೋದರರ ಭಾವಚಿತ್ರಗಳನ್ನು ತೋರಿಸಿ ಅವರು ಮಡಿದ ಸ್ಥಳಗಳನ್ನು ಹೇಳುತ್ತಾಳೆ: ವರ್ಡನ್, ಲೀಜ್, ಶಾರ್ಲರ್ವಾ, ಟಾನೆನ್‌ಬರ್ಗ್. ಅವೆಲ್ಲ ತನ್ನ ದೇಶದ ಮಹಾವಿಜಯಗಳು ಎನ್ನುತ್ತಾಳೆ. ಈಗ ಊಟದ ಮೇಜು ಮನೆಗೆ ತೀರ ದೊಡ್ಡದಾಗಿದೆ ಎಂದೂ ಹೇಳುತ್ತಾಳೆ. ಒಂದು ಗುಂಡೂ ಹಾರದ ಈ ದೃಶ್ಯದ ಎದುರು ನೂರು ಸ್ಫೋಟಗಳು ಸಪ್ಪೆ.

ಇಂಥ ಚಿತ್ರಗಳು ಸೈನಿಕನಿಗೆ ಅವಮಾನ, ತರುಣರನ್ನು ಹೇಡಿಗಳನ್ನಾಗಿ ಮಾಡುತ್ತವೆ ಎಂಬ ಆಕ್ಷೇಪವನ್ನು ಬಹಳ ಸಲ ಕೇಳಿದ್ದೇನೆ. ಆಕ್ಷೇಪಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಮೊದಲ ಚಿತ್ರದ ಮೂಲ ಕಾದಂಬರಿ ಬರೆದ ರೆಮಾರ್ಕ್ 1917ರಲ್ಲಿ ರಣರಂಗದಲ್ಲಿ ಗಾಯಗೊಂಡವರು. ರೆನ್ವಾ ಕಾಲಿಗೆ ಗುಂಡು ತಿಂದು, ಅನಂತರ ವಿಮಾನ ನಡೆಸಿದ ಸೈನಿಕರು. ‘ಬ್ಯಾಲಡ್ ಆಫ್ ಎ ಸೋಲ್ಜರ್’ (1959) ಚಿತ್ರದ ಗ್ರಿಗೊರಿ ಚುಖ್ರಾಯ್ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಗಾಯಗೊಂಡವರು. ಯುದ್ಧವನ್ನು ಕಂಡವರು ಹೀಗೆ ಚಿತ್ರಿಸುತ್ತಾರೆ. ಕಾಣದವರೇ ಅದನ್ನು ಜಾತ್ರೆಯಾಗಿಸುವುದು. ಚುಖ್ರಾಯ್ ಅವರ ನಾಯಕ ಹತ್ತೊಂಬತ್ತರ ಅಲ್ಯೋಶ ಎರಡು ಟ್ಯಾಂಕುಗಳನ್ನು ನಾಶಮಾಡುತ್ತಾನೆ. ಪದಕಕ್ಕೆ ಬದಲು ಅವನು ಬೇಡುವುದು, ಮನೆಗೆ ಹೋಗಿ ತಾಯಿಯನ್ನು ಕಂಡು ಸೋರುವ ಸೂರನ್ನು ಸರಿಪಡಿಸಲು ರಜೆ. ದಾರಿಯುದ್ದಕ್ಕೂ ಪರರ ಕಷ್ಟಕ್ಕೆ ನೆರವಾಗುತ್ತ ದಿನಗಳೆಲ್ಲ ಕಳೆದುಹೋಗಿ, ತಾಯಿಯನ್ನು ಅಪ್ಪಿಕೊಳ್ಳಲು ಕೆಲವೇ ನಿಮಿಷಗಳು ಉಳಿಯುತ್ತವೆ. ಅವನು ಮರಳುವುದಿಲ್ಲವೆಂದು ಚಿತ್ರ ಆರಂಭದಲ್ಲೇ ಹೇಳಿರುತ್ತದೆ. ಇವನನ್ನು ಹೇಡಿ ಎನ್ನುವ ಎದೆಗಾರಿಕೆ ಯಾರಿಗಿದೆ?

ಸ್ಟ್ಯಾನ್ಲಿ ಕುಬ್ರಿಕ್ ಅವರ ‘ಪಾತ್ಸ್ ಆಫ್ ಗ್ಲೋರಿ’ (1957) ಇನ್ನೂ ಕಠೋರವಾದದ್ದು. ಅಸಾಧ್ಯವಾದ ಆಕ್ರಮಣಕ್ಕೆ ಫ್ರೆಂಚ್ ಜನರಲ್ ಆಜ್ಞೆ ಮಾಡುತ್ತಾನೆ. ಅದು ವಿಫಲವಾದಾಗ ಮೂವರು ಸಾಮಾನ್ಯ ಸೈನಿಕರನ್ನು ಆರಿಸಿ, ಹೇಡಿತನದ ಆರೋಪ ಹೊರಿಸಿ ಗುಂಡಿಕ್ಕಲಾಗುತ್ತದೆ. ಇದು ಬರಿಯ ಕಲ್ಪನೆಯಲ್ಲ. 1915ರಲ್ಲಿ ಫ್ರೆಂಚ್ ಸೇನೆ ಹೀಗೆಯೇ ನಾಲ್ವರು ಕಾರ್ಪೊರಲ್‌ಗಳನ್ನು ಕೊಂದಿತು; 1934ರಲ್ಲಿ ಅವರ ಹೆಸರಿಗಂಟಿದ ಕಳಂಕವನ್ನು ತೊಡೆಯಲಾಯಿತು. ಸೈನಿಕನಿಗೆ ಅವಮಾನ ಮಾಡಿದ್ದು ಈ ಚಿತ್ರವೋ, ಆ ಆಜ್ಞೆಯೋ?

ಇನ್ನೊಂದು ಸಾಕ್ಷಿಯನ್ನೂ ಮುಂದಿಡುತ್ತೇನೆ. 1930ರ ಡಿಸೆಂಬರಿನಲ್ಲಿ ಮೈಲ್‌ಸ್ಟೋನ್ ಚಿತ್ರ ಬರ್ಲಿನ್‌ನಲ್ಲಿ ತೆರೆಕಂಡಾಗ ಗೋಬೆಲ್ಸನ ಹಿಂಬಾಲಕರು ಚಿತ್ರಮಂದಿರದೊಳಗೆ ದುರ್ಗಂಧದ ಬಾಂಬುಗಳನ್ನು ಎಸೆದು, ಬಿಳಿ ಇಲಿಗಳನ್ನು ಬಿಟ್ಟು ದಾಂಧಲೆ ಮಾಡಿದರು. ಕೆಲವೇ ದಿನಗಳಲ್ಲಿ ಚಿತ್ರಕ್ಕೆ ನಿಷೇಧ ಬಂತು. ರೆನ್ವಾ ಚಿತ್ರವನ್ನೂ ನಾಜಿಗಳು ನಿಷೇಧಿಸಿದರು. ಕುಬ್ರಿಕ್ ಚಿತ್ರ 1975ರವರೆಗೆ ಫ್ರಾನ್ಸಿನಲ್ಲಿ ತೆರೆಕಾಣಲಿಲ್ಲ. ಯುದ್ಧವನ್ನು ಮಾರುವವರಿಗೆ ಯಾವ ಚಿತ್ರಗಳ ಭಯ ಎಂಬುದು ಇದರಿಂದಲೇ ತಿಳಿಯುತ್ತದೆ.

ನಿಮ್ಮಲ್ಲಿ ಕೆಲವರು ಸೈನ್ಯದಲ್ಲಿದ್ದೀರಿ. ಕೆಲವರ ಮಕ್ಕಳು ಈಗ ಸೇರುವ ವಯಸ್ಸಿನವರು. ಗಡಿ ಕಾಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಕಾಯುವವನ ಬೆಲೆಯನ್ನು ಅರಿತು ಮಾತನಾಡಿ ಎಂದಷ್ಟೇ ಹೇಳುತ್ತಿದ್ದೇನೆ. ಈ ನಾಲ್ಕು ಚಿತ್ರಗಳನ್ನು ಬಿಡುವಾದಾಗ ಮಕ್ಕಳೊಂದಿಗೆ ಕುಳಿತು ನೋಡಿರಿ. ಮುಗಿದ ಮೇಲೆ ಯಾರು ಗೆದ್ದರು ಎಂದು ಕೇಳಬೇಡಿ. ಯಾರ ಮನೆಯಲ್ಲಿ ಮೇಜು ದೊಡ್ಡದಾಯಿತು ಎಂದು ಕೇಳಿ.