ಆಯಿಯ ಮುಂಗೈ ಹಚ್ಚೆ



ಕಳೆದ ಶ್ರಾವಣದಲ್ಲಿ ನಮ್ಮ ಭಾಗದ ನಾಲ್ವರು ವಿದ್ಯಾರ್ಥಿಗಳು ತಾವು ತಯಾರಿಸಿದ ಸಾಕ್ಷ್ಯಚಿತ್ರವೊಂದನ್ನು ತೋರಿಸಲು ನಮ್ಮಲ್ಲಿಗೆ ಬಂದಿದ್ದರು. ವಿಷಯ ಹಚ್ಚೆ, ನಮ್ಮ ಹಳ್ಳಿಗಳ ಮಾತಿನಲ್ಲಿ ಹಣಚಿ ಬಟ್ಟು. ಸೇಡಂ, ಚಿತ್ತಾಪುರ ಸೀಮೆಯ ಹಳ್ಳಿಗಳು, ವಾಡಿಯ ರೈಲ್ವೆ ಜಂಕ್ಷನ್ನಿನ ಸುತ್ತಲಿನ ಓಣಿಗಳು, ಶಹಾಬಾದದ ಕಲ್ಲುಗಣಿ ಕಾರ್ಮಿಕರ ಮನೆಗಳು, ಚಿಂಚೋಳಿಯ ಲಂಬಾಣಿ ತಾಂಡಾಗಳು, ಇವನ್ನೆಲ್ಲ ಸುತ್ತಿ ವೃದ್ಧ ಮಾತೆಯರ ಹಣೆ, ಗದ್ದ, ಮುಂಗೈಗಳ ಮೇಲಿನ ಹಸಿರು ಚುಕ್ಕೆಗಳನ್ನು ಅವರು ಚಿತ್ರಿಸಿದ್ದರು.

ಚಿತ್ರದಿಂದ ತಿಳಿಯತಕ್ಕ ಸಂಗತಿಗಳು ಅನೇಕ. ಹಿಂದೆ ದೀಪದ ಕಾಡಿಗೆಯನ್ನು ಎಲೆಯ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ ಚರ್ಮದೊಳಕ್ಕೆ ಇಳಿಸುತ್ತಿದ್ದರು. ಚರ್ಮದ ಮೇಲ್ಪದರವು ಸವೆದು ಹೊಸದಾಗುತ್ತದೆ. ಒಳಪದರದಲ್ಲಿ ನೆಲೆನಿಂತ ಬಣ್ಣವು ಬಾಳಿನುದ್ದಕ್ಕೂ ಉಳಿಯುತ್ತದೆ. ಊರೂರು ಅಲೆದು ಈ ಕಾಯಕ ನಡೆಸಿದವರಲ್ಲಿ ಕೊರವ ಸಮಾಜದ ಹೆಣ್ಣುಮಕ್ಕಳು ಪ್ರಮುಖರು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಎಂಬಾತನು ವಿದ್ಯುತ್ ಯಂತ್ರಕ್ಕೆ ಪೇಟೆಂಟು ಪಡೆದನು. ಇಂದು ಪಟ್ಟಣದ ಅಂಗಡಿಗಳಲ್ಲಿ ತರುಣರು ಯಂತ್ರದಿಂದಲೇ ಹಚ್ಚೆ ಹಾಕಿಸಿಕೊಳ್ಳುತ್ತಾರೆ.

ಚಿತ್ರವೇನೋ ಸೊಗಸಾಗಿತ್ತು. ಆದರೆ ಅದರ ಪ್ರಚಾರಕ್ಕೆಂದು ಸಿದ್ಧಪಡಿಸಿದ ಒಂದು ನಿಮಿಷದ ಜಾಹೀರಾತು ನಮ್ಮನ್ನು ಕಳವಳಕ್ಕೀಡುಮಾಡಿತು. ಸೇಡಂ ಕಡೆಯ ಒಬ್ಬ ಆಯಿ ಅದರಲ್ಲಿ, “ಸೂಜಿ ಚುಚ್ಚಿದಾಗ ಭಾಳ ಅತ್ತಿದ್ದೆ” ಎನ್ನುತ್ತಾರೆ. ಹಿಂದೆ ಶೋಕದ ವಾದ್ಯ. ಕೊನೆಗೆ ಅಜ್ಞಾನ ಕಾಲದ ಕ್ರೌರ್ಯವೆಂಬ ಬರಹ. ಅದೇ ಆಯಿ ಪೂರ್ಣ ಚಿತ್ರದಲ್ಲಿ ನಗುತ್ತ ಮುಂದುವರಿದು, ಗಂಡನ ಮನೆಯಲ್ಲಿ ತವರಿನ ನೆನಪಾದಾಗಲೆಲ್ಲ ಅಣ್ಣನ ಹೆಸರಿನ ಆ ಹಚ್ಚೆಯನ್ನೇ ನೋಡಿಕೊಳ್ಳುತ್ತಿದ್ದೆನೆಂದು ಹೇಳಿದ್ದರು.

“ಇದನ್ನು ಆಯಿಗೆ ತೋರಿಸಿದಿರಾ?” ಎಂದು ಕೇಳಿದೆವು. ಹುಡುಗರು ತಲೆ ತಗ್ಗಿಸಿದರು. ಜಾಹೀರಾತು ಅದಾಗಲೇ ಮೊಬೈಲುಗಳಲ್ಲಿ ಹರಿದಾಡಿ ಊರನ್ನು ಮುಟ್ಟಿತ್ತು. ಮರುದಿನ ಅವರೊಡನೆ ನಾವೂ ಹೋದೆವು. ಆಯಿ ಸೆರಗಿನಿಂದ ಮುಂಗೈ ಮುಚ್ಚಿಕೊಂಡೇ ಕುಳಿತಿದ್ದರು.

“ತಮ್ಮಾ, ಅತ್ತಿದ್ದು ಖರೇನೇ ಅದ. ಆದ್ರ ಅಳೂದು ಇಟ್ಕೊಂಡು ನಗೂದು ಬಿಟ್ಟೀರಲ್ಲ. ಸತ್ತಾಗ ಬಂಗಾರ ಬಿಚ್ಚಿಕೊಳ್ತಾರ, ಹಣಚಿ ಬಟ್ಟು ಸಂಗಟ ಬರ್ತದ. ನಮ್ಮಣ್ಣನ ಹೆಸರಿಗೆ ಮಂದಿ ಅಯ್ಯೋ ಅನ್ನೂಹಂಗ ಮಾಡಿದ್ರಿ.”

ಹುಡುಗರು ಪಾದಕ್ಕೆರಗಿ ಕ್ಷಮೆ ಬೇಡಿದರು. ಜಾಹೀರಾತನ್ನು ಹಿಂದೆಗೆದುಕೊಂಡು, ಆಯಿಯ ಮಾತನ್ನು ಪೂರ್ಣವಾಗಿರಿಸಿ ಬೇರೊಂದನ್ನು ಮಾಡಿದರು. ಮೊದಲು ಆಯಿಗೇ ತೋರಿಸಿ ಒಪ್ಪಿಗೆ ಪಡೆದರು. ತಮ್ಮ ಚಿತ್ರದಲ್ಲಿ ಸೂಜಿ ಹಿಡಿದು ತೋರಿಸಿದ ಕೊರವ ತಾಯಿಯ ಹೆಸರನ್ನು ಬಿಟ್ಟಿದ್ದರು, ಅದನ್ನೂ ಸೇರಿಸಿದರು. ಆದರೆ ಮೊದಲಿನದು ಇನ್ನೂ ಎಷ್ಟು ಮೊಬೈಲುಗಳಲ್ಲಿ ಉಳಿದಿದೆಯೋ ಬಲ್ಲವರಾರು? ಒಮ್ಮೆ ಚುಚ್ಚಿದ ಹಚ್ಚೆಯಂತೆ ಅದೂ ಸುಲಭವಾಗಿ ಅಳಿಯದು.

ಶರಣರು ಕಾಯಕದಲ್ಲಿ ಮೇಲುಕೀಳನ್ನೆಣಿಸಲಿಲ್ಲ. ಮೇದಾರ ಕೇತಯ್ಯನ ಬುಟ್ಟಿಗೂ ನುಲಿಯ ಚಂದಯ್ಯನ ಹಗ್ಗಕ್ಕೂ ಅನುಭವ ಮಂಟಪದಲ್ಲಿ ಗೌರವವಿದ್ದಿತು. ಆದರೆ ಕಾಯಕವು ಸತ್ಯಶುದ್ಧವಾಗಿರಬೇಕೆಂಬುದು ಅವರ ನಿಯಮ. ಚಿತ್ರ ತೆಗೆಯುವುದೂ ಕಾಯಕವೇ. ಪರರ ಮಾತನ್ನು ತುಂಡರಿಸಿ ಅರ್ಥ ಕೆಡಿಸಿದರೆ ಅದು ಶುದ್ಧವೆನಿಸದು.

ಮನೆಯ ತರುಣರು ಹಚ್ಚೆ ಬಯಸಿದರೆ ಗದರಿಸುವ ಬದಲು ತಿಳಿಹೇಳಿರಿ: ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಕಾಮಾಲೆಯ ಹೆಪಟೈಟಿಸ್ ಬಿ, ಸಿ ಹಾಗೂ ಎಚ್‌ಐವಿ ಹರಡಬಲ್ಲವು, ಹೊಸ ಸೂಜಿಯೇ ಆಗಬೇಕು. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವ ನಮಗೆ ಬೇರೆ ಗುರುತು ಅವಶ್ಯವಲ್ಲ. ಆದರೂ ನಿಮ್ಮ ಮನೆಯ ಆಯಿಯ ಮುಂಗೈ ಮೇಲೆ ಹಸಿರು ಅಕ್ಷರಗಳಿದ್ದರೆ ಇಂದೇ ಬಳಿ ಕುಳಿತು ಕೇಳಿರಿ, ಅದು ಯಾರ ಹೆಸರೆಂದು. ಹೇಳಿ ಮುಗಿಸುವವರೆಗೆ ನಡುವೆ ಮಾತನಾಡದಿರಿ.