ಕರೆಂಟ್ ಕಾರಿಗೆ ಹಗುರ ಗಾಲಿ ಹಾಕಿಸಬೇಕೇ?

ಕರೆಂಟಿನ ಮೇಲೆ ಓಡುವ ಕಾರು ಬಂದರೆ ಬೀದಿಯ ಮಂದಿಯೆಲ್ಲ ಕೂಡಿ ನೋಡುವ ಕಾಲ ನಮ್ಮ ಭಾಗದಲ್ಲಿಯೂ ಮುಗಿಯಿತು. ನಾರಾಯಣಪೇಟೆಯ ಬಂಗಾರದ ಅಂಗಡಿಯವರು, ಮಕ್ತಲದ ಅಡತಿ ವ್ಯಾಪಾರಸ್ಥರು, ಗದ್ವಾಲದ ಸೀರೆ ವ್ಯಾಪಾರಿಗಳು ಒಬ್ಬೊಬ್ಬರಾಗಿ ಇಂಥ ಕಾರು ತರುತ್ತಿದ್ದಾರೆ. 2024ರ ನವೆಂಬರಿನಲ್ಲಿ ತೆಲಂಗಾಣ ಸರಕಾರವು ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆ ಮತ್ತು ನೋಂದಣಿ ಶುಲ್ಕದ ಪೂರ್ತಿ ವಿನಾಯಿತಿಯನ್ನು 2026ರ ಡಿಸೆಂಬರ್ ಕೊನೆಯವರೆಗೆ ಘೋಷಿಸಿದ ಮೇಲೆ ಲೆಕ್ಕ ಬಲ್ಲ ಮನೆಗಳಲ್ಲಿ ಈ ಮಾತು ಇನ್ನಷ್ಟು ಬಲವಾಯಿತು. ಆದರೆ ಕಾರು ಮನೆಗೆ ಬಂದು ತಿಂಗಳಾಗುವುದರೊಳಗೆ ಮಕ್ಕಳದೊಂದು ಬೇಡಿಕೆ ಏಳುತ್ತದೆ. ಕಂಪನಿ ಕೊಟ್ಟ ಗಾಲಿ ಚೆಂದವಿಲ್ಲ, ಅಲಾಯ್ ಗಾಲಿ ಹಾಕಿಸೋಣ ಎಂದು. ಮೊದಲು ಚೆಂದದ ಮಾತು ಒಂದೇ ಇತ್ತು. ಈಗ ಅದಕ್ಕೆ ಲಾಭದ ಮಾತೂ ಸೇರಿದೆ.

ಗದ್ವಾಲದ ನಮ್ಮ ಬಳಗದ ಹುಡುಗನೊಬ್ಬ ಮೊನ್ನೆ ಇದನ್ನೇ ಕೇಳಿದ. ಅವನದು ಸೀರೆಯ ವ್ಯಾಪಾರ. ಎರ್ರವಲ್ಲಿ ಚೌರಸ್ತಾದಿಂದ ಹೆದ್ದಾರಿ ಹಿಡಿದು ವಾರಕ್ಕೊಮ್ಮೆಯಾದರೂ ಹೈದರಾಬಾದಿಗೆ ಹೋಗಿ ಬರುವವನು. "ಕಾಕಾ, ಹಗುರ ಗಾಲಿ ಹಾಕಿಸಿದ್ರ ಒಂದ್ ಚಾರ್ಜಿಗೆ 50 ಕಿಲೋಮೀಟರ್ ಹೆಚ್ಚಿಗಿ ಓಡ್ತೈತಂತ. ನಾಲ್ಕಕ್ಕೂ ಸೇರಿ 40 ಸಾವಿರ ಕೇಳ್ತಾರ. ಹಾಕಿಸ್ಲೇನು?" ಎಂದ. ಇದೇ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿ ಇರಬಹುದೆಂದು ಈ ಸಲದ ಪುಟವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ನಾವು ಮೆಟ್ರಿಕ್‌ವರೆಗೆ ಓದಿದವರು, ಇಂಜಿನಿಯರ್ ಅಲ್ಲ. ಆದರೆ ತೂಕ ಮತ್ತು ಲೆಕ್ಕ ಇವೆರಡೂ ನಮ್ಮ ಕಸುಬಿನ ಮಾತುಗಳೇ. ಗಾಲಿಯ ವಿಷಯದಲ್ಲಿ ಬೇಕಾಗುವುದೂ ಹೆಚ್ಚಾಗಿ ಇವೆರಡೇ.

ಮೊದಲು ಹಗುರ ಗಾಲಿಯಿಂದ ಆಗುವ ಲಾಭ ಎಷ್ಟೆಂದು ನೋಡೋಣ. ಕಾರಿನೊಳಗೆ ಇಟ್ಟ ಮೂಟೆ ಕಾರಿನ ಜೊತೆ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಗಾಲಿಯಾದರೋ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಆದ್ದರಿಂದ ನಿಂತ ಕಾರನ್ನು ವೇಗಕ್ಕೆ ತರುವಾಗ ಗಾಲಿಯ ಅಂಚಿನಲ್ಲಿರುವ ಒಂದು ಕಿಲೋ ಭಾರವು ಕಾರಿನೊಳಗಿನ ಎರಡು ಕಿಲೋ ಭಾರಕ್ಕೆ ಸಮ. ನಡುಭಾಗಕ್ಕೆ ಬಂದಷ್ಟೂ ಈ ಲೆಕ್ಕ ಕಡಿಮೆಯಾಗುತ್ತದೆ. ಎರಡು ಪಟ್ಟಿಗಿಂತ ಹೆಚ್ಚಂತೂ ಎಂದೂ ಆಗುವುದಿಲ್ಲ. "ಗಾಲಿಯ ಒಂದು ಕಿಲೋ ಕಾರಿನ ಹತ್ತು ಕಿಲೋಗೆ ಸಮ" ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ.

ಈಗ ಒಂದು ಗಾಲಿಗೆ 2 ಕಿಲೋದಂತೆ ನಾಲ್ಕು ಗಾಲಿಗೆ 8 ಕಿಲೋ ತೂಕ ಇಳಿಸಿದೆವು ಎಂದು ಹಿಡಿಯಿರಿ. ಎರಡು ಪಟ್ಟು ಎಂದರೆ 16 ಕಿಲೋ. ಕಾರು, ಮಂದಿ, ಸಾಮಾನು ಸೇರಿ 1,600 ಕಿಲೋ ಆದರೆ ಇದು ನೂರಕ್ಕೆ ಒಂದು ಪಾಲು. ಅದೂ ವೇಗ ಹಿಡಿಸಲು ಬೇಕಾಗುವ ಶಕ್ತಿಯಲ್ಲಿ ಮಾತ್ರ. ಹೆದ್ದಾರಿಯಲ್ಲಿ ಒಂದೇ ಸಮ ಓಡುವಾಗ ಹೆಚ್ಚಿನ ಕರೆಂಟು ಹೋಗುವುದು ಎದುರು ಗಾಳಿಯನ್ನು ಸೀಳುವುದಕ್ಕೆ ಮತ್ತು ಟೈರು ಉರುಳುವಾಗಿನ ಎಳೆತಕ್ಕೆ. ಇದಲ್ಲದೆ ಕರೆಂಟ್ ಕಾರಿನಲ್ಲಿ ವೇಗ ತಗ್ಗಿಸಿದಾಗ ಮೋಟಾರೇ ಜನರೇಟರಿನಂತೆ ತಿರುಗಿ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಮರಳಿ ಕೊಡುತ್ತದೆ. ಪೆಟ್ರೋಲ್ ಕಾರಿನಲ್ಲಿ ಈ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಎಂದರೆ ಗಾಲಿಯ ತೂಕ ಇಳಿಸಿದ ಲಾಭ ಕರೆಂಟ್ ಕಾರಿನಲ್ಲಿ ಇನ್ನೂ ಕಡಿಮೆ.

ಆದರೂ ಉದಾರವಾಗಿ ನೂರಕ್ಕೆ ಒಂದು ಎಂದೇ ಜಮಾ ಹಾಕೋಣ. ವರ್ಷಕ್ಕೆ 20,000 ಕಿಲೋಮೀಟರ್ ಓಡಾಟ, ಯೂನಿಟ್ಟಿಗೆ 8 ಕಿಲೋಮೀಟರ್, ಯೂನಿಟ್ಟಿನ ದರ 10 ರೂಪಾಯಿ ಎಂದು ಹಿಡಿದರೆ 2,500 ಯೂನಿಟ್, 25,000 ರೂಪಾಯಿ. ಅದರಲ್ಲಿ ನೂರಕ್ಕೆ ಒಂದು ಎಂದರೆ 250 ರೂಪಾಯಿ. ಹಾಕಿದ 40 ಸಾವಿರದ ಬಂಡವಾಳ ತಿರುಗಿ ಬರಲು 160 ವರ್ಷ ಬೇಕು. ಬಡ್ಡಿಯನ್ನು ನಾವು ಸೇರಿಸಿಲ್ಲ.

ಹಾಗಾದರೆ ಓಟ ಹೆಚ್ಚುವುದು ಯಾವುದರಿಂದ? ನಮ್ಮ ವಯಸ್ಸಿನವರಿಗೆ ಇದು ಬಂಡಿಯ ಮಾತಿನಲ್ಲಿ ಬೇಗ ತಿಳಿಯುತ್ತದೆ. ನಾವು ಹುಡುಗರಿದ್ದಾಗ ಹಳ್ಳಿಗಳಿಂದ ಹತ್ತಿ, ಶೇಂಗಾ ಬರುತ್ತಿದ್ದುದು ಕಬ್ಬಿಣದ ಪಟ್ಟಿ ಬಡಿದ ಕಟ್ಟಿಗೆ ಗಾಲಿಯ ಬಂಡಿಗಳಲ್ಲಿ. ಆಮೇಲೆ ರಬ್ಬರ್ ಟೈರಿನ ಬಂಡಿ ಬಂತು, ಜನ ಅದಕ್ಕೆ ಡನ್‌ಲಪ್ ಗಾಡಿ ಎಂದರು. ಅದೇ ಎತ್ತುಗಳು ಹೆಚ್ಚು ಮೂಟೆ ಎಳೆಯತೊಡಗಿದವು. ಗಾಲಿ ಹಗುರವಾಯಿತೆಂದಲ್ಲ. ಗಾಳಿ ತುಂಬಿದ ಟೈರು ಎರೆ ಭೂಮಿಯಲ್ಲಿ ಹೂಳಲಿಲ್ಲ, ಕಲ್ಲಿಗೆ ಬಡಿದು ನಿಲ್ಲಲಿಲ್ಲ, ಸಲೀಸಾಗಿ ಉರುಳಿತು. ಅಚ್ಚಿನಲ್ಲಿ ಬೇರಿಂಗೂ ಬಂದಿತ್ತು. ಕಾರಿನಲ್ಲಿಯೂ ಇದೇ ಮಾತು. ಗಾಲಿಗಿಂತ ಅದರ ಮೇಲಿನ ಟೈರು ದೊಡ್ಡದು. ಕಡಿಮೆ ಎಳೆತದ ಟೈರು, ಕಂಪನಿ ಹೇಳಿದಷ್ಟು ಗಾಳಿ, ಸರಿಯಾದ ಅಲೈನ್‌ಮೆಂಟ್, ಇವು ಮೂರೂ ಸರಿ ಇದ್ದರೆ ಹಗುರ ಗಾಲಿ ಕೊಡುವುದಕ್ಕಿಂತ ಹೆಚ್ಚು ಓಟ ಸಿಗುತ್ತದೆ. ಗಾಳಿಯ ಒತ್ತಡ ಎಷ್ಟಿರಬೇಕೆಂದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿ ಬರೆದಿರುತ್ತದೆ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ನೋಡಬೇಕು. ಮಧ್ಯಾಹ್ನ ಬಿಸಿಲಿನಲ್ಲಿ ಓಡಿ ಬಂದ ಟೈರಿನಲ್ಲಿ ಒತ್ತಡ ಹೆಚ್ಚಿಗೆ ತೋರಿಸಿತೆಂದು ಗಾಳಿ ಬಿಡುವವರಿದ್ದಾರೆ, ಅದು ತಪ್ಪು.

ಇನ್ನು ವೇಗ. 80ರಲ್ಲಿ ಓಡುವಾಗಿನ ಎದುರು ಗಾಳಿಯ ತಡೆಗಿಂತ 100ರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು ತಡೆ ಇರುತ್ತದೆ. ಗದ್ವಾಲದ ಹುಡುಗನಿಗೆ ಓಟ ನಿಜವಾಗಿಯೂ ಹೆಚ್ಚು ಬೇಕಿದ್ದರೆ ಬಲಗಾಲನ್ನು ಸ್ವಲ್ಪ ಹಗುರ ಇಟ್ಟರೆ ಸಾಕು, ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಗಾಲಿಯ ಮುಖದ ಆಕಾರಕ್ಕೂ ಗಾಳಿಯ ಲೆಕ್ಕವುಂಟು. ಕರೆಂಟ್ ಕಾರುಗಳ ಗಾಲಿ ಬಹಳಷ್ಟು ಮುಚ್ಚಿದಂತೆ ಇರುವುದನ್ನು ನೀವು ಕಂಡಿರಬಹುದು. ಅಮೆರಿಕದ ಟೆಸ್ಲಾ ಕಂಪನಿಯು 2017ರಲ್ಲಿ ಮಾಡೆಲ್ 3 ಕಾರನ್ನು ತಂದಾಗ 18 ಅಂಗುಲದ ಗಾಲಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕೊಟ್ಟದ್ದು ಈ ಕಾರಣಕ್ಕೇ. ನಮ್ಮ ಟಿಯಾಗೊ ಇವಿಯ 14 ಅಂಗುಲದ ಉಕ್ಕಿನ ಗಾಲಿಗೂ ಮುಚ್ಚಳವಿದೆ. ಬಡತನದ ಗುರುತೆಂದು ಅದನ್ನು ಕಿತ್ತು ಎಸೆಯಬೇಡಿ.

ಹಗುರತನ ಬೇಡವೆಂದು ಇದರ ಅರ್ಥವಲ್ಲ. ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರನ್ನು ಹಿರಿಯ ಓದುಗರು ಮರೆತಿರಲಾರರು. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್ ಓಟ. ಬ್ಯಾಟರಿಯ ಭಾರವೇ ಅಷ್ಟಿದ್ದಾಗ ಉಳಿದದ್ದನ್ನೆಲ್ಲ ಹಗುರ ಮಾಡದೆ ಗತಿಯಿರಲಿಲ್ಲ. ಮೈಗೆ ತಗಡಿನ ಬದಲು ಪ್ಲಾಸ್ಟಿಕ್ ಹಲಗೆ, ಕೆಳಗೆ 13 ಅಂಗುಲದ ಪುಟ್ಟ ಗಾಲಿ. 2004ರಿಂದ ಆ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಿತು, 2010ರಲ್ಲಿ ಕಂಪನಿಯು ಮಹೀಂದ್ರಾದವರ ಕೈಗೆ ಬಂತು. ಅಲ್ಲಿ ಹಗುರತನವು ಕಾರು ಕಟ್ಟುವಾಗಲೇ ಬಂದದ್ದು. ಈಗಲೂ ಕಂಪನಿಯವರು ಹೀಗೆಯೇ ಲೆಕ್ಕ ಹಾಕುತ್ತಾರೆ. 2023ರಲ್ಲಿ ಬಂದ ಪುಟ್ಟ ಕಾಮೆಟ್ ಕಾರಿಗೆ 12 ಅಂಗುಲ, ಟಿಯಾಗೊ ಇವಿಗೆ 14, ನೆಕ್ಸಾನ್ ಇವಿಗೆ 16. ಕಾರಿನ ಭಾರ, ಬ್ರೇಕು, ಸ್ಪ್ರಿಂಗು ಎಲ್ಲ ನೋಡಿ ಇಟ್ಟ ಅಳತೆಗಳಿವು. 14ರ ಜಾಗದಲ್ಲಿ 16 ಕೂಡಿಸಿದರೆ ಗಾಲಿ ಅಲಾಯ್ ಆದರೂ ತೂಕ ಹೆಚ್ಚುವುದೇ ಹೆಚ್ಚು. ಟೈರು ಅಗಲವಾದಷ್ಟು ಎಳೆತವೂ ಹೆಚ್ಚು. ಓಟ ಹೆಚ್ಚಿಸಲು ಹೋದವನ ಓಟ ತಗ್ಗುವುದು ಹೀಗೆ.

ಹಗುರ ಗಾಲಿಯ ನಿಜವಾದ ಲಾಭ ಬೇರೆಯೇ ಇದೆ. ಗಾಲಿ, ಟೈರು, ಬ್ರೇಕು ಇವು ಸ್ಪ್ರಿಂಗಿನ ಕೆಳಗಿನ ಭಾರ. ತಗ್ಗು ಬಂದಾಗ ಭಾರದ ಗಾಲಿ ಗುದ್ದಿ ಮೇಲೇಳುತ್ತದೆ, ಹಗುರ ಗಾಲಿ ರಸ್ತೆಯ ಏರುತಗ್ಗಿಗೆ ಬೇಗ ಹೊಂದಿಕೊಳ್ಳುತ್ತದೆ. ಕುಳಿತವರ ಸೊಂಟಕ್ಕೆ, ಕಾರಿನ ಕೀಲುಗಳಿಗೆ ಪೆಟ್ಟು ಕಡಿಮೆ. ಮನೆಯಲ್ಲಿ ಹಿರಿಯರಿದ್ದರೆ ಈ ಲಾಭಕ್ಕೆ ಬೆಲೆಯಿದೆ. ಆದರೆ ಅದು ಸಿಗಬೇಕಾದರೆ ಗಾಲಿಯ ಅಳತೆ ಅದೇ ಇರಬೇಕು, ತೂಕ ನಿಜವಾಗಿ ಇಳಿದಿರಬೇಕು, ಬಲ ಇಳಿದಿರಬಾರದು.

ತೂಕ ನಿಜವಾಗಿ ಇಳಿದಿದೆಯೇ? ಅಲ್ಯೂಮಿನಿಯಂ ಲೋಹವು ಉಕ್ಕಿನ ಸುಮಾರು ಮೂರನೆಯ ಒಂದು ಪಾಲು ತೂಗುತ್ತದೆ, ಸರಿ. ಆದರೆ ಅದು ಉಕ್ಕಿನಷ್ಟು ಗಟ್ಟಿಯಲ್ಲವೆಂದು ದಪ್ಪ ಇಡುತ್ತಾರೆ. ಎರಕ ಹೊಯ್ದ ಸಾಧಾರಣ ಅಲಾಯ್ ಗಾಲಿ ಅದೇ ಅಳತೆಯ ಉಕ್ಕಿನ ಗಾಲಿಯಷ್ಟೇ ತೂಗುವುದುಂಟು, ಕೆಲವು ಹೆಚ್ಚಿಗೂ ತೂಗುತ್ತವೆ. ಎರಕದ ಮೇಲೆ ಅಂಚನ್ನು ರೋಲರಿನಿಂದ ಒತ್ತಿ ಹಿಗ್ಗಿಸಿದ ಫ್ಲೋ ಫಾರ್ಮ್ಡ್ ಗಾಲಿ ಅದಕ್ಕಿಂತ ಹಗುರ. ಭಾರಿ ಒತ್ತಡದಲ್ಲಿ ಬಡಿದು ಮಾಡಿದ ಫೋರ್ಜ್ಡ್ ಗಾಲಿ ಎಲ್ಲಕ್ಕಿಂತ ಹಗುರ ಮತ್ತು ಗಟ್ಟಿ, ಬೆಲೆಯೂ ಹಾಗೆಯೇ. ಅಂಗಡಿಯವನ ಬಾಯಿಮಾತು ಬೇಡ. ನಾವು ಕಾಳು ಕೊಂಡರೂ ತೂಗಿಸಿ ಕೊಳ್ಳುವವರು, ಬಂಗಾರ ಕೊಂಡರಂತೂ ಗುಂಜಿ ನೋಡುವವರು. 40 ಸಾವಿರದ ಗಾಲಿಯನ್ನು ತೂಗದೆ ಕೊಳ್ಳುವುದು ಯಾವ ವ್ಯಾಪಾರ? ಟೈರಿಲ್ಲದ ಬರಿ ಗಾಲಿಯನ್ನು ತೂಕದ ಯಂತ್ರದ ಮೇಲೆ ಇಡಿಸಿ. ನಿಮ್ಮ ಹಳೆಯ ಗಾಲಿಯನ್ನೂ ಟೈರು ಬಿಚ್ಚಿಸಿ ಇಡಿಸಿ. ಒಪ್ಪದ ಅಂಗಡಿ ಇದ್ದರೆ ಬೇರೆ ಅಂಗಡಿ ಇದ್ದೇ ಇರುತ್ತದೆ.

ಬಲದ ಮಾತಿಗೆ ಬಂದರೆ, ಎಲ್ಲರೂ ಕಿವಿಗೊಡಬೇಕಾದದ್ದು ಇಲ್ಲಿ. ಬ್ಯಾಟರಿಯ ದೆಸೆಯಿಂದ ಕರೆಂಟ್ ಕಾರು ಅದೇ ಬಗೆಯ ಪೆಟ್ರೋಲ್ ಕಾರಿಗಿಂತ ಒಂದೂವರೆ ಎರಡು ಕ್ವಿಂಟಲ್ ಹೆಚ್ಚು ತೂಗುವುದು ಸಾಮಾನ್ಯ. ಪೆಟ್ರೋಲ್ ಕಾರಿಗೆ ಹೊಂದಿದ ಗಾಲಿ ಇದಕ್ಕೂ ಕೂಡುತ್ತದೆ, ಬೋಲ್ಟಿನ ತೂತು ಸರಿ ಬಂದರೆ ಆಯಿತು ಎನ್ನುವವರ ಮಾತು ಕೇಳಬೇಡಿ. ಗಾಲಿಯನ್ನು ತಿರುವಿ ಹಿಂಬದಿ ನೋಡಬೇಕು. ಒಳ್ಳೆಯ ಗಾಲಿಯಲ್ಲಿ ಅದು ಹೊರಬಲ್ಲ ಭಾರವನ್ನು ಕಿಲೋ ಲೆಕ್ಕದಲ್ಲಿ ಒತ್ತಿರುತ್ತಾರೆ. ಮಂದಿ, ಸಾಮಾನು ತುಂಬಿದ ಕಾರಿನ ಒಟ್ಟು ಭಾರ 2,000 ಕಿಲೋ ಇದ್ದರೆ ಗಾಲಿಗೆ 500 ಎಂದು ಭಾಗಿಸಿ ಸುಮ್ಮನಾಗಬಾರದು. ಸಾಮಾನು ಹೇರಿದಾಗ ಹಿಂದಿನ ಗಾಲಿಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ, ಆದ್ದರಿಂದ 600ರ ಮೇಲಿನದನ್ನೇ ಹುಡುಕಬೇಕು. ಸೀರೆಯ ಗಂಟು ಹಗುರವೆನಿಸಬಹುದು, ಆದರೆ ಮದುವೆಯ ದಿನಗಳಲ್ಲಿ ಸೀಟು ಮಡಚಿ ಹೇರುವ ಗಂಟುಗಳನ್ನು ನಾವು ಕಂಡಿದ್ದೇವೆ. ಟೈರಿನ ಭಾರದ ಅಂಕಿಯನ್ನೂ ನೋಡಿ. 88 ಎಂದರೆ 560 ಕಿಲೋ, 91 ಎಂದರೆ 615, 95 ಎಂದರೆ 690. ಕಂಪನಿಯ ಟೈರಿನಲ್ಲಿರುವ ಅಂಕಿಗಿಂತ ಕೆಳಗೆ ಇಳಿಯಲೇಬಾರದು. ಗಾಲಿಯ ಮೇಲೆ ಐ.ಎಸ್.ಐ. ಗುರುತು ಇರಬೇಕು. ಭಾರದ ಅಂಕಿಯೂ ಇಲ್ಲ, ಗುರುತೂ ಇಲ್ಲ, ಬೆಲೆ ಮಾತ್ರ ಕಡಿಮೆ ಎನ್ನುವ ಗಾಲಿಯ ಮೇಲೆ ಹೆಂಡಿರು ಮಕ್ಕಳನ್ನು ಕೂಡಿಸಿಕೊಂಡು ಹೆದ್ದಾರಿಗೆ ಇಳಿಯಬೇಡಿ.

ನಮ್ಮ ರಸ್ತೆಗಳ ಗುಣವನ್ನೂ ಮರೆಯುವಂತಿಲ್ಲ. ರಾಯಚೂರಿನಿಂದ ಮಕ್ತಲದ ಮೇಲೆ ಮಹಬೂಬನಗರಕ್ಕೆ ಹೋಗುವ ಹೆದ್ದಾರಿ ಒಂದು ಬಗೆ, ಒಳಗಿನ ಹಳ್ಳಿಗಳ ರಸ್ತೆ ಇನ್ನೊಂದು ಬಗೆ. ಮಳೆಗಾಲದಲ್ಲಿ ಎರೆ ಮಣ್ಣು ಕುಸಿದು ಡಾಂಬರಿನ ಅಂಚು ಒಡೆಯುತ್ತದೆ, ನೀರು ನಿಂತ ತಗ್ಗಿನ ಆಳ ತಿಳಿಯುವುದಿಲ್ಲ. ಉಕ್ಕಿನ ಗಾಲಿ ಪೆಟ್ಟು ತಿಂದರೆ ಸೊಟ್ಟಗಾಗುತ್ತದೆ, ಎರಕದ ಅಲಾಯ್ ಬಿರುಕು ಬಿಡುತ್ತದೆ. ದೊಡ್ಡ ಗಾಲಿಗೆ ತೆಳು ಟೈರು ಹಾಕಿದ್ದರೆ ಪೆಟ್ಟು ನೇರ ಗಾಲಿಗೇ ತಗಲುತ್ತದೆ. ಬಿರುಕು ಬಿಟ್ಟ ಅಲಾಯ್ ಗಾಲಿಯನ್ನು ವೆಲ್ಡಿಂಗ್ ಮಾಡಿಕೊಡುವವರು ಎಲ್ಲ ಊರಲ್ಲಿದ್ದಾರೆ. ಕಾಯಿಸಿದ ಜಾಗದ ಸುತ್ತ ಆ ಲೋಹ ಮೆತ್ತಗಾಗುತ್ತದೆ, ಆದ್ದರಿಂದ ಅಂಥ ಗಾಲಿಯನ್ನು ಮೋಡಕಾಕ್ಕೆ ಹಾಕುವುದೇ ಲೇಸು. ಹೆಚ್ಚಿನ ಓಡಾಟ ಹಳ್ಳಿ ರಸ್ತೆಯಲ್ಲಿದ್ದವರಿಗೆ ಕಂಪನಿಯ ಉಕ್ಕಿನ ಗಾಲಿಯೇ ಸಾಕೆಂದು ನಮ್ಮ ಅಭಿಪ್ರಾಯ. ಹೈದರಾಬಾದು, ಕರ್ನೂಲು ಎಂದು ಹೆದ್ದಾರಿಯಲ್ಲೇ ತಿರುಗುವವರು ಬೇಕಿದ್ದರೆ ಅದೇ ಅಳತೆಯ ಒಳ್ಳೆಯ ಹಗುರ ಗಾಲಿಯ ಯೋಚನೆ ಮಾಡಬಹುದು, ಅದೂ ಈಗಿನ ಟೈರು ಸವೆದು ಹೇಗೂ ಬದಲಿಸಬೇಕಾದಾಗ.

ಹಾಕಿಸುವುದೇ ನಿಶ್ಚಯವಾದರೆ ಮೊದಲು ಕಂಪನಿಯ ಡೀಲರರನ್ನು ಕೇಳಿ, ಆ ಕಾರಿಗೆ ಒಪ್ಪಿದ ಗಾಲಿ ಯಾವುದೆಂದು ಬರಹದಲ್ಲಿ ತೆಗೆದುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಕಂಪನಿಯ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. ವಿಮಾ ಕಂಪನಿಗೂ ತಿಳಿಸಿಡಿ, ಅಪಘಾತದ ದಿನ ತಕರಾರು ಬೇಡ. ಬೋಲ್ಟಿನ ತೂತುಗಳ ಸುತ್ತಳತೆ, ನಡುವಿನ ತೂತು, ಗಾಲಿ ಎಷ್ಟು ಒಳಗೆ ಅಥವಾ ಹೊರಗೆ ಕೂಡುತ್ತದೆಂಬ ಆಫ್‌ಸೆಟ್, ಮೂರೂ ಹಳೆಯದರಂತೆಯೇ ಇರಬೇಕು. ಬಹಳ ಕಾರುಗಳಲ್ಲಿ ಉಕ್ಕಿನ ಗಾಲಿಯ ನಟ್ಟು ಬೇರೆ, ಅಲಾಯ್ ಗಾಲಿಯ ನಟ್ಟು ಬೇರೆ. ಹಳೆಯ ನಟ್ಟನ್ನೇ ಬಿಗಿಯುತ್ತಿದ್ದರೆ ತಡೆದು ಕೇಳಿ. ಬಿಗಿಯುವುದು ಟಾರ್ಕ್ ಪಾನಾದಿಂದ ಆಗಲಿ. 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ, ಏಕೆಂದರೆ ಕರೆಂಟ್ ಕಾರಿನ ಮೋಟಾರು ನಿಂತಲ್ಲಿಂದಲೇ ಪೂರ್ತಿ ಜೋರು ಹಾಕುತ್ತದೆ. ಟೈರಿನ ಒತ್ತಡ ತಿಳಿಸುವ ಸೆನ್ಸರ್ ಗಾಲಿಯೊಳಗಿದ್ದರೆ ಅದು ಹೊಸ ಗಾಲಿಗೆ ಬಂದಿತೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಹಳೆಯ ಗಾಲಿಗಳನ್ನು ಅಲ್ಲಿಯೇ ಬಿಟ್ಟು ಬರಬೇಡಿ. ಗೋದಾಮಿನ ಮೂಲೆಯಲ್ಲಿ ಜಾಗ ಕೊಡಿ. ಕಾರು ಮಾರುವ ದಿನ ಕೊಳ್ಳುವವನು ಮೊದಲು ಕೇಳುವುದು ಅವನ್ನೇ.