ಸಿಗಡಿಯ ಕಸದಲ್ಲಿರುವ ಕೊಬ್ಬು

ಕರಾವಳಿಯಲ್ಲಿ ಸಿಗಡಿಯನ್ನು ಸುಲಿದು ಪರದೇಶಗಳಿಗೆ ಕಳುಹಿಸುವ ಕಾರ್ಖಾನೆಗಳಿಂದ ತಲೆ, ಸಿಪ್ಪೆಗಳು ರಾಶಿರಾಶಿಯಾಗಿ ಹೊರಬೀಳುತ್ತವೆ. ಸಿಗಡಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧಭಾಗವು ಹೀಗೆ ಕಸವಾಗುವುದು. ಇದನ್ನು ಹಸಿಯಾಗಿಯೇ ತೆಂಗಿನ ಬುಡಕ್ಕೆ ಹಾಕಿಸುವ ಜಮೀನುದಾರರುಂಟು. ಅದು ಗೊಬ್ಬರವಾಗುವುದು ನಿಜವೇ. ಆದರೆ ಗಿಡಕ್ಕೆ ಬೇಕಾದ ಸಾರಜನಕವೂ ಸುಣ್ಣವೂ ಕೊಬ್ಬನ್ನು ತೆಗೆದ ಮೇಲೆಯೂ ಹಿಂಡಿಯಲ್ಲಿಯೇ ಉಳಿಯತಕ್ಕವು. ಕೊಬ್ಬನ್ನು ಮಣ್ಣಿಗೆ ಹಾಕುವುದು ಹಣವನ್ನು ಹೂಳಿದಂತೆಯೇ ಸರಿ.

ಈ ಮಾತು ಹೊಸತಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಸರ್ ಫ್ರೆಡರಿಕ್ ನಿಕಲ್ಸನ್ನರು ಬೂತಾಯಿ ಮೀನನ್ನು ಬೇಯಿಸಿ, ಒತ್ತಿ, ಎಣ್ಣೆಯನ್ನು ಬೇರ್ಪಡಿಸಿ, ಉಳಿದುದನ್ನು ಗೊಬ್ಬರ ಮಾಡುವ ಕ್ರಮವನ್ನು ಪ್ರಚಾರಕ್ಕೆ ತಂದರು. ಸಿಗಡಿಯ ಸಂಗತಿ ಬೇರೆ. ಅದರ ಕೊಬ್ಬು ಅಲ್ಪ. ಒತ್ತಿದ ಮಾತ್ರಕ್ಕೆ ಬಾರದು. ಬೆಲೆಯಾದರೋ ಅಧಿಕ, ಏಕೆಂದರೆ ಮೀನೆಣ್ಣೆಯ ಒಮೆಗಾ–3 ಆಮ್ಲಗಳೊಡನೆ ಆಸ್ಟಕ್ಸಾಂಥಿನ್ ಎಂಬ ಕೆಂಪು ಬಣ್ಣವೂ ಅದರಲ್ಲಿ ಕರಗಿರುತ್ತದೆ. ಆದುದರಿಂದ ದ್ರಾವಕವು ಬೇಕು.

ಯಾವ ದ್ರಾವಕವೆಂಬುದೇ ಇಲ್ಲಿ ಮುಖ್ಯ. ಶೇಂಗಾ, ಸೋಯಾ ಹಿಂಡಿಗಳಿಂದ ಎಣ್ಣೆ ತೆಗೆಯಲು ಬಳಸುವ ಹೆಕ್ಸೇನ್ ಪೆಟ್ರೋಲಿಯಂನಿಂದ ಬರುವುದು. ಅದರ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲುದು. ಬಹುಕಾಲ ಉಸಿರಾಡಿದವರ ಕೈಕಾಲುಗಳ ನರಗಳನ್ನು ಕುಂದಿಸುವುದು. ದೊಡ್ಡ ಯಂತ್ರಶಾಲೆಗಳು ಇದನ್ನು ಹತೋಟಿಯಲ್ಲಿಟ್ಟುಕೊಳ್ಳಬಹುದು; ಹಳ್ಳಿಯ ಅಂಚಿನ ಕೊಟ್ಟಿಗೆಯಲ್ಲಿ ಅದಕ್ಕೆ ಅವಕಾಶ ಕೊಡುವುದು ಸರ್ವಥಾ ಯೋಗ್ಯವಲ್ಲ. ಉಳಿದ ಹಿಂಡಿಯು ಕೋಳಿಗೆ ಮೇವಾಗಬೇಕಾದಲ್ಲಿ ಈ ಎಚ್ಚರಿಕೆಯು ಇಮ್ಮಡಿಯಾಗತಕ್ಕದ್ದು.

ಕಬ್ಬಿನ ಕಾಕಂಬಿಯಿಂದ ಇಳಿಸುವ ಮದ್ಯಸಾರವು ಇದಕ್ಕಿಂತ ಮೇಲು. ಅದಕ್ಕೂ ಬೆಂಕಿ ಹತ್ತುವುದು, ನೀರನ್ನೂ ಹೀರುವುದು. ಆದುದರಿಂದ ಕಸವನ್ನು ಮೊದಲು ಒಣಗಿಸಬೇಕು. ಆದರೂ ಅದರ ಲೇಶವು ಹಿಂಡಿಯಲ್ಲುಳಿದರೆ ವಿಷಭಯವಿಲ್ಲ. ಬಣ್ಣವೊಂದೇ ಬೇಕಾದಲ್ಲಿ ಇನ್ನೂ ಸುಲಭದ ದಾರಿಯುಂಟು: ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಅಡಿಗೆಯ ಎಣ್ಣೆಗಳಲ್ಲಿಯೇ ಅದನ್ನು ಕರಗಿಸಿ ತೆಗೆದ ಪ್ರಯೋಗದ ವಿವರವು 2005ರಲ್ಲಿ ಪ್ರಕಟವಾಯಿತು. ಆ ಎಣ್ಣೆಯನ್ನು ಹಾಗೆಯೇ ಮೀನಿನ ಮೇವಿಗೆ ಬೆರೆಸಬಹುದು. ಇಂಗಾಲಾಮ್ಲವಾಯುವನ್ನು ಒತ್ತಿ ದ್ರಾವಕವಾಗಿಸುವ ವಿಧಾನವು ಎಲ್ಲಕ್ಕಿಂತ ಶುದ್ಧವೇನೋ ಹೌದು; ಆದರೆ ವಾಯುಮಂಡಲದ 74 ಮಡಿಗೂ ಮೀರಿದ ಒತ್ತಡವನ್ನು ತಡೆಯುವ ಪಾತ್ರೆಗಳ ಬೆಲೆಯನ್ನು ಕೇಳಿದವರು ಸುಮ್ಮನಾಗುವರು.

ಮದ್ಯಸಾರಕ್ಕೆ ಅಬಕಾರಿ ಪರವಾನಗಿಯ ತೊಡಕುಂಟು. ಒಬ್ಬೊಬ್ಬರೇ ಅಲೆಯುವುದಕ್ಕಿಂತ ನಾಲ್ಕಾರು ಗ್ರಾಮಗಳ ಜಮೀನುದಾರರು ಸಹಕಾರ ಸಂಘವೊಂದನ್ನು ಕಟ್ಟಿ, ಅದರ ಹೆಸರಿನಲ್ಲಿ ಪರವಾನಗಿಯನ್ನು ಕೇಳುವುದು ಲೇಸು. ಕಾರ್ಖಾನೆಯವರೊಡನೆ ಕರಾರು ಮಾಡಿಕೊಳ್ಳುವಾಗ, ಕಸವನ್ನು ಸುಲಿದ ದಿನವೇ ತಂದೊಪ್ಪಿಸತಕ್ಕದ್ದೆಂಬ ಷರತ್ತನ್ನು ಗ್ರಾಮದ ಮುಖಂಡರು ಬರೆಯಿಸಬೇಕು. ಒಂದೆರಡು ದಿನ ಬಿಸಿಲಿನಲ್ಲಿ ಬಿದ್ದ ಸಿಗಡಿಯ ಕೊಬ್ಬು ಕಮಟಾಗಿ, ಬಣ್ಣವೂ ಮಾಸಿ, ಯಾವ ದ್ರಾವಕಕ್ಕೂ ಕೊಟ್ಟ ಹಣವು ಹುಟ್ಟದು.